ಶೆಲ್ಲಿನ ಮಸಿ, ಬಾವಿಯ ಕಪ್ಪು

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅನ್ನುತ್ತಾರೆ, ಅದರೊಳಗೆ ಹಾಕುವುದಕ್ಕೆ ಶೆಲ್ಲು. ಮಂಚಿಕೇರಿ ಪೇಟೆಯಿಂದ ತಂದ ದೊಡ್ಡ ಶೆಲ್ಲಿನ ಆಯುಷ್ಯ ಬ್ಯಾಟರಿಯ ಬೆಳಕು ಮಂಕಾದ ಕೂಡಲೇ ಮುಗಿಯುತ್ತಿರಲಿಲ್ಲ. ಮೊದಲು ಅದು ಅಂಗಳದ ಬಿಸಿಲಿನಲ್ಲಿ ಅಡಿಕೆಯ ಪಕ್ಕ ಎರಡು ದಿನ ಒಣಗುತ್ತಿತ್ತು. ಆಮೇಲೆ ರೇಡಿಯೋಕ್ಕೆ ಬಡ್ತಿ. ಅಲ್ಲೂ ಸತ್ತ ಮೇಲೆ ಮಕ್ಕಳ ಪಾಲು. ಕಲ್ಲಿನಿಂದ ಜಜ್ಜಿ, ನಡುವಿನ ಕರಿ ಕಡ್ಡಿ ತೆಗೆದು ಗೋಡೆಯ ಮೇಲೆ ಗೀಚುತ್ತಿದ್ದೆವು. ಸುತ್ತಲಿನ ಮಸಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಶಾಲೆಗೆ ಒಯ್ಯುತ್ತಿದ್ದೆವು. ಜೂನ್ ತಿಂಗಳಲ್ಲಿ ಶಾಲೆ ಬಾಗಿಲು ತೆಗೆದಾಗ ಬೋರ್ಡು ಬೆಳ್ಳಗೆ ಬಿಳಚಿಕೊಂಡಿರುತ್ತಿತ್ತು. ತೊಂಡೆ ಎಲೆಯ ರಸಕ್ಕೆ ಈ ಮಸಿ ಕಲಸಿ ತಿಕ್ಕಿದರೆ ಇನ್ನೊಂದು ವರ್ಷಕ್ಕೆ ಬೋರ್ಡು ತಯಾರು. ಸಗಣಿಗೆ ಅದೇ ಮಸಿ ಸೇರಿಸಿ ನೆಲ ಸಾರಿಸಿ, ಮಿರಮಿರ ಕಪ್ಪು ಜಗುಲಿ ಮಾಡಿಕೊಂಡ ಮನೆಗಳೂ ಇದ್ದವು.

ಆ ಮಸಿಯನ್ನು ನಾವೆಲ್ಲ ಇದ್ದಿಲು ಎಂದುಕೊಂಡಿದ್ದೆವು. ಇದ್ದಿಲಿನ ಜಾತಿಯ ಇಂಗಾಲ ಅದರಲ್ಲಿ ಇರುವುದು ನಿಜ, ಆದರೆ ಅದು ಸಹಾಯಕ ಮಾತ್ರ. ಯಜಮಾನಿಕೆ ಮ್ಯಾಂಗನೀಸ್ ಡೈಆಕ್ಸೈಡಿನದು. ಒಂದು ಮ್ಯಾಂಗನೀಸ್ ಪರಮಾಣುವಿಗೆ ಎರಡು ಆಮ್ಲಜನಕ ಪರಮಾಣು ಅಂಟಿಕೊಂಡ, ಕಪ್ಪು ಅಥವಾ ಕಡುಗಂದು ಬಣ್ಣದ ಪುಡಿ. ನೀರಿಗಿಂತ ಸುಮಾರು 5 ಪಟ್ಟು ಭಾರ, ನೀರಿನಲ್ಲಿ ಕರಗುವುದಿಲ್ಲ, ತಾನಾಗಿ ಉರಿಯುವುದೂ ಇಲ್ಲ. 500 ಡಿಗ್ರಿ ದಾಟಿ ಕಾಯಿಸಿದರೆ ತನ್ನೊಳಗಿನ ಆಮ್ಲಜನಕವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಅದರ ಉಪಯೋಗವೂ ಅಪಾಯವೂ ಇರುವುದು ಆಮ್ಲಜನಕವನ್ನು ಹೀಗೆ ಕೈಬಿಡುವ ಗುಣದಲ್ಲಿ.

ಶೆಲ್ಲಿನೊಳಗೆ ಈ ಗುಣಕ್ಕೆ ಕೆಲಸ ಕೊಟ್ಟವನು ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ, 1866ರಲ್ಲಿ. ಹೊರಗಿನ ಸತುವಿನ ಡಬ್ಬಿ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಒಳಗಿನ ಮ್ಯಾಂಗನೀಸ್ ಡೈಆಕ್ಸೈಡ್ ಪಡೆದುಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆ ಬಲ್ಬಿನ ಮೂಲಕ ಹಾದು ಹೋಗುವುದರಿಂದ ಬೆಳಕು. ಪುಡಿಗೆ ವಿದ್ಯುತ್ ಹರಿಸುವ ಶಕ್ತಿ ಕಡಿಮೆ, ಅದಕ್ಕಾಗಿ ಇಂಗಾಲ ಬೆರೆಸುತ್ತಾರೆ. ನಾವು ಗೋಡೆಗೆ ಗೀಚುತ್ತಿದ್ದ ಕಡ್ಡಿ ಆ ಕರೆಂಟನ್ನು ಒಟ್ಟುಮಾಡಿ ಹೊರಗೆ ತರುವ ಕಂಬ. ಬಿಸಿಲಿಗಿಟ್ಟರೆ ಶೆಲ್ಲು ಚೇತರಿಸುತ್ತಿದ್ದದ್ದು ಭ್ರಮೆಯೇನಲ್ಲ. ಬೆಚ್ಚಗಾದಾಗ ಒಳಗಿನ ಪೇಸ್ಟಿನಲ್ಲಿ ಅಯಾನುಗಳ ಓಡಾಟ ಚುರುಕಾಗಿ, ಅಳಿದುಳಿದ ಶಕ್ತಿ ಕೈಗೆ ಸಿಗುತ್ತಿತ್ತು. ಆದರೆ ಹೊಸ ಶಕ್ತಿ ಎಲ್ಲಿಂದಲೂ ಬರುತ್ತಿರಲಿಲ್ಲ. ಸವೆದ ಸತುವಿನ ಡಬ್ಬಿ ಬಿಸಿಗೆ ಒಡೆದು, ಒಳಗಿನ ರಸ ಸೋರಿ ರೇಡಿಯೋ ಹಾಳಾದ ಮನೆಗಳು ನಮ್ಮೂರಿನಲ್ಲಿ ಬೇಕಾದಷ್ಟು.

ಈ ಕಪ್ಪು ನಮಗೆ ಹೊರಗಿನಿಂದ ಬಂದ ಸಾಮಾನೂ ಅಲ್ಲ. ಯಲ್ಲಾಪುರ ತಾಲ್ಲೂಕಿನ ಬಿಸಗೋಡಿನಲ್ಲಿ ಮ್ಯಾಂಗನೀಸ್ ಗಣಿಯೇ ಇತ್ತು. ಜೋಯಿಡಾ ಕಡೆಯ ಕಾಡಿನಲ್ಲೂ ಈ ಅದಿರಿದೆ, ಶಿವಮೊಗ್ಗದ ಕುಂಸಿಯಲ್ಲಿದೆ, ಸಂಡೂರಿನಲ್ಲಂತೂ ಅದರ ಹೆಸರಿನ ಕಂಪನಿಯೇ 1954ರಿಂದ ಇದೆ. ನೆಲದಲ್ಲಿ ಸಿಗುವ ಮ್ಯಾಂಗನೀಸ್ ಡೈಆಕ್ಸೈಡಿನ ಹೆಸರು ಪೈರೊಲುಸೈಟ್. ಮೆದುವಾದದ್ದಾದರೆ ಬೆರಳಿಗೆ ಮಸಿ ಹತ್ತುತ್ತದೆ. ಹೆಸರಿನ ಮೂಲ ಗ್ರೀಕಿನ 'ಬೆಂಕಿ' ಮತ್ತು 'ತೊಳೆ' ಎಂಬ ಎರಡು ಪದಗಳು. ಕಬ್ಬಿಣದಿಂದ ಹಸಿರಾದ ಗಾಜನ್ನು ಕರಗಿಸುವಾಗ ಚಿಟಿಕೆ ಹಾಕಿದರೆ ಹಸಿರು ಮಾಯವಾಗುತ್ತಿದ್ದುದರಿಂದ ಗಾಜಿನವರು ಅದನ್ನು ಸಾಬೂನು ಎಂದೇ ಕರೆಯುತ್ತಿದ್ದರು. ಚಿಟಿಕೆ ಹೆಚ್ಚಾದರೆ ಗಾಜು ನೇರಳೆ. ಇಟ್ಟಿಗೆಗೆ ಕಂದು, ಮಡಕೆಯ ಮೆರುಗಿಗೆ ಕಪ್ಪು ಕೊಡುವುದೂ ಇದೇ. ಅದಿರಿನ ಬಹುಪಾಲು ಮಾತ್ರ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ, ಶೆಲ್ಲಿಗೆ ಹೋಗುವುದು ಸಣ್ಣ ಪಾಲು.

ಇನ್ನು ನೀರಿನ ವಿಷಯ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ಚಿರೆಕಲ್ಲಿನ ನೆಲದಲ್ಲಿ ಕಬ್ಬಿಣವೂ ಮ್ಯಾಂಗನೀಸೂ ಅಣ್ಣತಮ್ಮಂದಿರ ಹಾಗೆ. ಗಾಳಿ ಆಡುವ ಮೇಲ್ಮಣ್ಣಿನಲ್ಲಿ ಮ್ಯಾಂಗನೀಸ್ ಡೈಆಕ್ಸೈಡಾಗಿ ಗಟ್ಟಿಯಾಗಿ ಕೂತಿರುತ್ತದೆ. ಆಳದಲ್ಲಿ, ಆಮ್ಲಜನಕ ಇಲ್ಲದ ನೀರಿನಲ್ಲಿ, ಅದು ತನ್ನ ಆಮ್ಲಜನಕ ಕಳೆದುಕೊಂಡು ಕರಗಿಬಿಡುತ್ತದೆ. ಕರಗಿದಾಗ ಅದಕ್ಕೆ ಬಣ್ಣವಿಲ್ಲ. ಹಾಗಾಗಿ ತೆರೆದ ಬಾವಿಗಿಂತ ಬೋರ್‌ವೆಲ್ಲಿನ ನೀರಿನಲ್ಲಿ ಈ ತೊಂದರೆ ಹೆಚ್ಚು. ಬೋರಿನಿಂದ ಬರುವಾಗ ನೀರು ಕನ್ನಡಿಯಂತೆ ತಿಳಿ. ಟ್ಯಾಂಕಿನಲ್ಲಿ ನಿಂತು ಗಾಳಿ ತಾಗಿದ ಮೇಲೆ ಒಳಗೋಡೆಗೆ ಕಪ್ಪು ಲೋಳೆ, ಪೈಪಿನಲ್ಲಿ ಮಸಿ, ಬಿಳಿ ಪಂಚೆಯ ಮೇಲೆ ಹೊಗೆಯ ಬಣ್ಣದ ಕಲೆ. ಕಬ್ಬಿಣವಾದರೆ ಕಲೆ ಕೆಂಪು ಅಥವಾ ಕಿತ್ತಳೆ. ಕಪ್ಪಾದರೆ ಮ್ಯಾಂಗನೀಸಿನ ಮೇಲೆ ಗುಮಾನಿ ಇಡಬಹುದು.

ಪೇರಲೆ ಎಲೆ ಜಜ್ಜಿ ನೀರಿಗೆ ಹಾಕಿ, ನೀರು ಕಪ್ಪು ನೇರಳೆಗೆ ತಿರುಗಿದರೆ ನೀರು ಸರಿಯಿಲ್ಲ ಎಂದು ಹಿರಿಯರು ಹೇಳುವುದುಂಟು. ಆ ಪರೀಕ್ಷೆ ಹಿಡಿಯುವುದು ಕಬ್ಬಿಣವನ್ನು. ಎಲೆಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ, ಮ್ಯಾಂಗನೀಸಿಗೆ ಆ ಚಾಳಿ ಇಲ್ಲ. ಆದ್ದರಿಂದ ಪೇರಲೆ ಎಲೆಯಲ್ಲಿ ನೀರು ಪಾಸಾಯಿತು, ಟ್ಯಾಂಕಿನ ಗೋಡೆ ಮಾತ್ರ ಕಪ್ಪಾಗುತ್ತಿದೆ ಎಂದಾದರೆ ನೀರನ್ನು ಪ್ರಯೋಗಾಲಯಕ್ಕೆ ಕಳಿಸುವುದೇ ದಾರಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. ಪಂಚಾಯ್ತಿಯಲ್ಲಿ ವಿಚಾರಿಸಿ, ವರದಿಯಲ್ಲಿ ಮ್ಯಾಂಗನೀಸ್ ಎಂಬ ಸಾಲು ಇರಲೇಬೇಕು ಎಂದು ಕೇಳಿ. ಕೇಳದಿದ್ದರೆ ಕಬ್ಬಿಣ, ಫ್ಲೋರೈಡ್ ನೋಡಿ ಕೈತೊಳೆದುಕೊಳ್ಳುವ ಸಾಧ್ಯತೆ ಇದೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲವೆಂದಾದರೆ 0.3 ತನಕ ಒಪ್ಪುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಬಿಗಿ, 0.08. ಈ ಬಿಗಿ ಬಾಟಲಿ ಹಾಲು ಕುಡಿಯುವ ಕೂಸುಗಳ ಲೆಕ್ಕದಲ್ಲಿ ಬಂದದ್ದು. ಕಪ್ಪು ಬರುವ ನೀರಿನಲ್ಲಿ ಮಗುವಿಗೆ ಡಬ್ಬಿ ಹಾಲು ಕಲಸಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಮ್ಯಾಂಗನೀಸ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ ಅಷ್ಟೇ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮರುದಿನ ನೀರು ಕಂದಾಗಿ, 'ಪೌಡರ್ ಹಳಸಿದ್ದು, ನೀರು ಕೆಡಿಸಿಬಿಟ್ಟರು' ಎಂಬ ಜಗಳ ನೋಡಿದ್ದೇನೆ. ಪೌಡರ್ ತನ್ನ ಕೆಲಸವನ್ನೇ ಮಾಡಿತ್ತು. ಕರಗಿ ಕಾಣದಂತಿದ್ದ ಮ್ಯಾಂಗನೀಸಿಗೆ ಕ್ಲೋರಿನ್ ತಾಗಿದಾಗ ಅದು ಮ್ಯಾಂಗನೀಸ್ ಡೈಆಕ್ಸೈಡಾಗಿ ಹೊರಬರುತ್ತದೆ. ಇಲ್ಲೊಂದು ತಮಾಷೆಯಿದೆ. 1774ರಲ್ಲಿ ಸ್ವೀಡನ್ನಿನ ಶೀಲೆ ಮ್ಯಾಂಗನೀಸ್ ಡೈಆಕ್ಸೈಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಮೊದಲ ಬಾರಿಗೆ ಕ್ಲೋರಿನ್ ತೆಗೆದ. ಮುಂದೆ ಬ್ಲೀಚಿಂಗ್ ಪೌಡರ್ ಕಾರ್ಖಾನೆಗಳು ಹುಟ್ಟಿದ್ದು ಅದೇ ಹಾದಿಯಲ್ಲಿ. ಈ ಕಪ್ಪು ಪುಡಿಯಿಂದ ಹುಟ್ಟಿದ ಬಿಳಿ ಪುಡಿ ನಮ್ಮ ಬಾವಿಯಲ್ಲಿ ಮತ್ತೆ ಕಪ್ಪನ್ನು ಹುಟ್ಟಿಸುತ್ತದೆ. ಬ್ಲೀಚಿಂಗ್ ಪೌಡರ್ ಬಿಡಬೇಡಿ. ಒಳ್ಳೆಯ ಪುಡಿಯಾದರೆ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. ಮಸಿ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿನೀರನ್ನು ಸೋಸಿ ತೆಗೆದುಕೊಳ್ಳಿ.

ಫಿಲ್ಟರ್ ಮಾರುವವರು 'ಐರನ್ ರಿಮೂವಲ್' ಎಂದು ತೋರಿಸುವ ದೊಡ್ಡ ಸಿಲಿಂಡರಿನೊಳಗೆ ಹೆಚ್ಚಿನ ಸಲ ಇರುವುದು ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಮರಳೇ. ಕಬ್ಬಿಣಕ್ಕೆ ಗಾಳಿ ತಾಗಿದರೆ ಸಾಕು, ತುಕ್ಕಾಗಿ ಇಳಿಯುತ್ತದೆ. ಮ್ಯಾಂಗನೀಸ್ ಮೊಂಡು, ಬರೀ ಗಾಳಿಗೆ ತುಂಬಾ ನಿಧಾನ. ತನ್ನದೇ ಜಾತಿಯ ಕಪ್ಪು ಮೈ ಸಿಕ್ಕರೆ ಮಾತ್ರ ಅಲ್ಲಿ ಬೇಗ ಅಂಟಿಕೊಳ್ಳುತ್ತದೆ. ಹೊಸ ಮರಳಿನ ಫಿಲ್ಟರ್ ಮೊದಲ ಕೆಲವು ವಾರ ಮ್ಯಾಂಗನೀಸನ್ನು ಬಿಟ್ಟುಬಿಡುತ್ತದೆ, ಮರಳು ಕಪ್ಪಾಗುತ್ತ ಬಂದ ಹಾಗೆ ಹಿಡಿಯಲು ಶುರುಮಾಡುತ್ತದೆ. ಸ್ವಚ್ಛತೆಯ ಹುಮ್ಮಸ್ಸಿನಲ್ಲಿ ಆ ಕಪ್ಪು ಮರಳನ್ನು ತಿಕ್ಕಿ ತೊಳೆದು ಬೆಳ್ಳಗೆ ಮಾಡಿ ಮತ್ತೆ ತುಂಬಿದವರು ಫಿಲ್ಟರನ್ನು ಕೈಯಾರೆ ಕೊಂದ ಹಾಗೆ. ನೀರನ್ನು ಹಿಂದಿನಿಂದ ಹಾಯಿಸಿ ಸಡಿಲ ಮಸಿಯನ್ನು ಹೊರಗೆ ಬಿಡಿ, ಸಾಕು. ಇನ್ನೊಂದು ಮಾತು. ಈ ಮರಳು ಕೆಲಸ ಮಾಡಲು ನೀರಿನ ಪಿಎಚ್ 7ಕ್ಕಿಂತ ಮೇಲಿರಬೇಕು. ಮಲೆನಾಡಿನ ನೀರು ಹಲವು ಕಡೆ ಅದಕ್ಕಿಂತ ಕೆಳಗೆ, ಹುಳಿಯ ಪಕ್ಕದಲ್ಲಿರುತ್ತದೆ. ಆಗ ಈ ಮರಳಿಗೆ ಮೊದಲು ಸುಣ್ಣಕಲ್ಲಿನ ಹಾಸು ಬೇಕಾಗುತ್ತದೆ. ಪಿಎಚ್ ಕೇಳದೆ ಫಿಲ್ಟರ್ ಮಾರಲು ಬಂದವರಿಗೆ ಚಹಾ ಕೊಟ್ಟು ಕಳಿಸಿ.

ಬಚ್ಚಲಿನ ಕಪ್ಪು ಕಲೆಗೆ ಏನು ಮಾಡಬೇಕು? ಎಲ್ಲರೂ ಮಾಡುವುದು ಪೇಟೆಯಿಂದ ಆಸಿಡ್ ಬಾಟಲಿ ತಂದು ಸುರಿಯುವುದು. ಆ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್. ಕಲೆ ಮ್ಯಾಂಗನೀಸ್ ಡೈಆಕ್ಸೈಡ್. ಶೀಲೆ ಮಾಡಿದ ಪ್ರಯೋಗವೇ ನಿಮ್ಮ ಕಿಟಕಿ ಇಲ್ಲದ ಬಚ್ಚಲಿನಲ್ಲಿ ನಡೆಯುತ್ತದೆ. ತೆಳು ಕಲೆಗೆ ಹೊರಡುವ ಕ್ಲೋರಿನ್ ಅಲ್ಪ. ವರ್ಷಗಟ್ಟಲೆ ದಪ್ಪಗಟ್ಟಿದ ಟ್ಯಾಂಕಿನ ತಳಕ್ಕೆ ಗಟ್ಟಿ ಆಸಿಡ್ ಸುರಿದು ಒಳಗೆ ಇಳಿದು ತಿಕ್ಕಿದರೆ ಲೆಕ್ಕ ಬೇರೆ. ಕ್ಲೋರಿನ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ, ಬಗ್ಗಿ ತಿಕ್ಕುವವರ ಮೂಗಿಗೆ ನೇರ ಸಿಗುತ್ತದೆ. ಮೇಲಿಂದ ಬ್ಲೀಚಿಂಗ್ ಪೌಡರನ್ನೂ ಚೆಲ್ಲಿದರಂತೂ ದೇವರೇ ಗತಿ. ಈ ಆಸಿಡನ್ನು ಮ್ಯಾಂಗನೀಸಿನ ಮಸಿಗಾಗಲಿ ಬ್ಲೀಚಿಂಗ್ ಪೌಡರಿಗಾಗಲಿ ಸೇರಿಸಬೇಡಿ. ಕಲೆ ಬಿಡಿಸಲು ಲಿಂಬೆಹುಳಿ ಅಥವಾ ಅಂಗಡಿಯ ಸಿಟ್ರಿಕ್ ಆಸಿಡ್ ಹಚ್ಚಿ ಅರ್ಧ ಗಂಟೆ ಬಿಡಿ. ಅದಕ್ಕೂ ಬಗ್ಗದಿದ್ದರೆ ವಿಟಮಿನ್ ಸಿ ಮಾತ್ರೆ ಪುಡಿಮಾಡಿ ನೀರಿನಲ್ಲಿ ಕಲಸಿ ಹಚ್ಚಿ. ವಿಟಮಿನ್ ಸಿ ಡೈಆಕ್ಸೈಡಿನಿಂದ ಆಮ್ಲಜನಕ ಕಿತ್ತುಕೊಂಡು ಅದನ್ನು ಮತ್ತೆ ಬಣ್ಣವಿಲ್ಲದ ಕರಗುವ ರೂಪಕ್ಕೆ ತರುತ್ತದೆ, ಕಲೆ ಕಣ್ಣೆದುರೇ ಮಾಯವಾಗುತ್ತದೆ.

ಪೊಟ್ಯಾಸಿಯಂ ಪರ್ಮಾಂಗನೇಟ್ ಮುಟ್ಟಿ ಕೈ ಕಂದಾದರೂ ಇದೇ ಔಷಧ, ಏಕೆಂದರೆ ಆ ಕಂದು ಕೂಡ ಮ್ಯಾಂಗನೀಸ್ ಡೈಆಕ್ಸೈಡೇ. ಹಿಂದೆ ಕಾಲರಾ ಬಂದಾಗ ಬಾವಿಗೆ ಪರ್ಮಾಂಗನೇಟ್ ಹಾಕುತ್ತಿದ್ದರು. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ 19ನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಪದ್ಧತಿ ಅದು. ಗುಲಾಬಿ ಇರುವ ತನಕ ಅದಕ್ಕೆ ಶಕ್ತಿ, ಕಂದಾಯಿತೆಂದರೆ ಖರ್ಚಾಯಿತು ಎಂದರ್ಥ. ಇವತ್ತು ಬಾವಿಗೆ ಬ್ಲೀಚಿಂಗ್ ಪೌಡರೇ ಸರಿ. ಮನೆಯಲ್ಲಿ ಪರ್ಮಾಂಗನೇಟ್ ಹರಳು ಇದ್ದರೆ ಗ್ಲಿಸರಿನ್ ಬಾಟಲಿಯ ಹತ್ತಿರ ಮಾತ್ರ ಇಡಬೇಡಿ, ಎರಡೂ ಸೇರಿದರೆ ಕಡ್ಡಿ ಗೀರದೆ ಬೆಂಕಿ ಹೊತ್ತುತ್ತದೆ.

ಶಾಲೆಯ ವಿಜ್ಞಾನದ ಮೇಷ್ಟ್ರುಗಳಿಗೆ ಒಂದೆರಡು ಮಾತು. ತೆಳುವಾದ ಹೈಡ್ರೋಜನ್ ಪೆರಾಕ್ಸೈಡಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ, ಬುಸ್ ಎಂದು ಏಳುವ ಆಮ್ಲಜನಕಕ್ಕೆ ಕೆಂಡವಿರುವ ಊದುಬತ್ತಿ ಹಿಡಿದು ಉರಿಸುವುದು ಚೆಂದದ ಪ್ರಯೋಗ. ಮಕ್ಕಳು ಮರೆಯುವುದಿಲ್ಲ. ಔಷಧ ಅಂಗಡಿಯ ತೆಳು ದ್ರಾವಣವೇ ಇರಲಿ, ಪಾತ್ರೆಯ ಬಾಯಿ ತೆರೆದೇ ಇರಲಿ, ಎಲ್ಲರ ಕಣ್ಣಿಗೆ ಕನ್ನಡಕ ಇರಲಿ. ಶೇಕಡಾ 30ರ ದ್ರಾವಣಕ್ಕೆ ಹಾಕಿದರೆ ಕುದಿದು ಸಿಡಿಯುತ್ತದೆ. ಹಳೆಯ ಪಠ್ಯಪುಸ್ತಕಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟಿನ ಜೊತೆ ಈ ಪುಡಿ ಕಾಯಿಸಿ ಆಮ್ಲಜನಕ ತೆಗೆಯುವ ವಿಧಾನ ಇರುತ್ತಿತ್ತು. ಅದನ್ನು ಈಗ ಬಿಟ್ಟುಬಿಡಿ. ಲ್ಯಾಬಿನಲ್ಲಿ ಪುಡಿ ಮುಗಿದಿದೆ, ಶೆಲ್ಲು ಒಡೆದು ಮಸಿ ತೆಗೆದುಕೊಳ್ಳೋಣ ಎನ್ನುವ ಬುದ್ಧಿ ಹಳ್ಳಿಯ ಶಾಲೆಯಲ್ಲಿ ಯಾರಿಗಾದರೂ ಹೊಳೆಯುತ್ತದೆ. ಶೆಲ್ಲಿನ ಮಸಿಯಲ್ಲಿ ಇಂಗಾಲ ಇದೆ. ಇಂಗಾಲ ಸೇರಿದ ಕ್ಲೋರೇಟನ್ನು ಕಾಯಿಸುವುದೆಂದರೆ ಪಟಾಕಿ ಮದ್ದು ಕಾಯಿಸಿದ ಹಾಗೆ. ಶುದ್ಧ ಪುಡಿಯೂ ಶೆಲ್ಲಿನ ಮಸಿಯೂ ನೋಡಲು ಒಂದೇ ಥರ, ಚೀಟಿ ಹಚ್ಚದ ಬಾಟಲಿಯ ಕಪ್ಪು ಪುಡಿಯನ್ನು ಯಾವ ಪ್ರಯೋಗಕ್ಕೂ ಬಳಸಬೇಡಿ. ಮ್ಯಾಂಗನೀಸ್ ಡೈಆಕ್ಸೈಡನ್ನು ಗಂಧಕದ ಪುಡಿ, ಅಲ್ಯೂಮಿನಿಯಂ ಪುಡಿ, ಮರದ ಹೊಟ್ಟು, ಎಣ್ಣೆ, ಆಮ್ಲ ಇವುಗಳಿಂದ ದೂರ, ಒಣ ಜಾಗದಲ್ಲಿ, ಮುಚ್ಚಳ ಬಿಗಿದು ಇಡಿ.

ಇಷ್ಟೆಲ್ಲ ಹೆದರಿಸಿದ ಮೇಲೂ ಒಪ್ಪಬೇಕಾದ ಸಂಗತಿ, ಈ ಪುಡಿ ಒದ್ದೆಯಾಗಿದ್ದಾಗ ಸಾಧು. ಚರ್ಮದ ಮೂಲಕ ಇಳಿಯುವುದಿಲ್ಲ, ಬೆರಳಿಗೆ ಹತ್ತಿದರೆ ಸಾಬೂನಿಗೆ ಹೋಗುತ್ತದೆ. ಬೋರ್ಡಿಗೆ ಎಲೆರಸದಲ್ಲಿ ಕಲಸಿ ತಿಕ್ಕಿದ್ದರಿಂದ ನಮಗೇನೂ ಆಗಲಿಲ್ಲ. ಹೆದರಬೇಕಾದದ್ದು ಒಣ ದೂಳಿಗೆ, ಹೆದರಬೇಕಾದವರು ಅದನ್ನು ದಿನಾ ಉಸಿರಾಡುವವರು. 1837ರಲ್ಲಿ ಗ್ಲಾಸ್ಗೋದ ವೈದ್ಯ ಜಾನ್ ಕೂಪರ್, ಬ್ಲೀಚಿಂಗ್ ಪೌಡರ್ ಕಾರ್ಖಾನೆಯಲ್ಲಿ ಈ ಕಪ್ಪು ಅದಿರನ್ನು ಬೀಸುತ್ತಿದ್ದ ಕೂಲಿಗಳ ಕಾಲು ಸೋಲುವುದನ್ನು ಗುರುತಿಸಿ ಬರೆದ. ಉಸಿರಿನ ಜೊತೆ ಹೋದ ಮ್ಯಾಂಗನೀಸ್ ಮಿದುಳಿನಲ್ಲಿ, ನಡಿಗೆಯನ್ನು ಹದದಲ್ಲಿಡುವ ಭಾಗದಲ್ಲಿ ಶೇಖರವಾಗುತ್ತದೆ. ಮೊದಲು ಸಿಟ್ಟು, ನಿದ್ದೆಗೇಡು. ಆಮೇಲೆ ಮಾತು ಮೆಲ್ಲಗಾಗುತ್ತದೆ, ಮುಖ ಮುಖವಾಡದಂತೆ ಭಾವವಿಲ್ಲದ್ದಾಗುತ್ತದೆ, ತುದಿಗಾಲಿನಲ್ಲಿ ನಡೆಯುತ್ತಾರೆ, ಹಿಂದಕ್ಕೆ ಹೆಜ್ಜೆಯಿಟ್ಟರೆ ಬೀಳುತ್ತಾರೆ. ಪಾರ್ಕಿನ್ಸನ್ ಎಂದು ತಪ್ಪು ತಿಳಿಯುವುದುಂಟು, ಆದರೆ ಅದರ ಮಾತ್ರೆಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ನಮ್ಮ ಕಾನೂನಿಗೂ ಇದು ಗೊತ್ತಿತ್ತು. ಮ್ಯಾಂಗನೀಸ್ ವಿಷಬಾಧೆ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ಗಣಿ ಬೇಡ, ಕಾರ್ಖಾನೆ ಬೇಡ, ವೆಲ್ಡಿಂಗ್ ಶಾಪ್ ಈಗ ಊರೂರಿನಲ್ಲಿದೆ. ರಾಡಿನಲ್ಲಿ ಮ್ಯಾಂಗನೀಸ್ ಇರುತ್ತದೆ, ಹೊಗೆಯಲ್ಲಿ ಅದರ ಆಕ್ಸೈಡು. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ವೆಲ್ಡ್ ಮಾಡುವ ಹುಡುಗರನ್ನು ಕಂಡಾಗ ನನಗೆ ಕೂಪರನ ಕೂಲಿಗಳೇ ನೆನಪಾಗುತ್ತಾರೆ. ಬಾಗಿಲು ತೆರೆದಿಡಿ, ಹೊಗೆ ಮುಖದಿಂದಾಚೆ ಹೋಗುವಂತೆ ಫ್ಯಾನ್ ಇಡಿ, ಎನ್95 ಮಾಸ್ಕ್ ಹಾಕಿ. ಪುಡಿಯನ್ನು ಜರಡಿ ಹಿಡಿಯುವ, ಬೀಸುವ, ಬಣ್ಣಕ್ಕೆ ಕಲಸುವ ಕೆಲಸವಿದ್ದವರಿಗೂ ಮಾಸ್ಕ್ ಬೇಕು. ಚೆಲ್ಲಿದರೆ ಒಣ ಹಿಡಿಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಕೈಯಲ್ಲಿ ಕವಳ ಹಾಕಬೇಡಿ. ಕೆಲಸದ ಅಂಗಿಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಹಾಯಿಸಿ.

ದೊಡ್ಡ ಶೆಲ್ಲು ಹೋಗಿ ಈಗ ನಾಣ್ಯದಂಥ ಪುಟ್ಟ ಶೆಲ್ಲು ಬಂದಿದೆ. ಕಾರಿನ ಕೀಲಿ, ತೂಕದ ಯಂತ್ರ, ಮಕ್ಕಳ ಆಟಿಕೆಯಲ್ಲಿರುವ ಸಿಆರ್2032 ಕೂಡ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡಿನ ಸಂಸಾರವೇ. ಕೂಸು ಅದನ್ನು ನುಂಗಿ ಗಂಟಲಲ್ಲಿ ಸಿಕ್ಕಿದರೆ, ಕಪ್ಪು ಪುಡಿ ಹೊರಗೆ ಬರುವ ಮೊದಲೇ ಕರೆಂಟು ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಲು ಶುರುಮಾಡುತ್ತದೆ. ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ದಾಟಿರದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಚಿಕ್ಕ ಚಮಚ ಜೇನು ನೆಕ್ಕಿಸಬಹುದು, ಆರು ಸಲ ಮೀರದಂತೆ. ಮನೆಯಲ್ಲಿ ಜೇನು ಇಲ್ಲವೆಂದು ಹುಡುಕುತ್ತ ನಿಲ್ಲಬೇಡಿ.

ಸತ್ತ ಶೆಲ್ಲನ್ನು ಏನು ಮಾಡಬೇಕು ಎನ್ನುವುದಕ್ಕೆ ನಮ್ಮಲ್ಲಿ ಸುಲಭದ ಉತ್ತರ ಒಂದಿದೆ, ಬಚ್ಚಲ ಒಲೆ. ಹಂಡೆಯ ಕೆಳಗೆ ತುರುಕಿದರೆ ಮಾಯ. ಬಿಗಿ ಮುಚ್ಚಿದ ಶೆಲ್ಲು ಬೆಂಕಿಯಲ್ಲಿ ಸಿಡಿಯುತ್ತದೆ, ಅದು ಒಂದು. ಸಿಡಿಯದಿದ್ದರೂ ಸತು ಮತ್ತು ಮ್ಯಾಂಗನೀಸ್ ಎಲ್ಲಿಗೂ ಹೋಗುವುದಿಲ್ಲ, ಬೂದಿಯಲ್ಲೇ ಕೂತಿರುತ್ತವೆ. ಆ ಬೂದಿಯಲ್ಲಿ ನಾವು ಪಾತ್ರೆ ತಿಕ್ಕುತ್ತೇವೆ, ಬಿತ್ತನೆ ಬೀಜಕ್ಕೆ ಕಲಸಿಡುತ್ತೇವೆ, ಅಡಿಕೆ ಮರದ ಬುಡಕ್ಕೆ ಹಾಕುತ್ತೇವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಸತ್ತ ಶೆಲ್ಲನ್ನು ಒಟ್ಟುಮಾಡಿ ಒಯ್ಯುವ ಹೊಣೆ ತಯಾರಕರದು, ಬೇರೆ ಕಸಕ್ಕೆ ಸೇರಿಸದೆ ಪ್ರತ್ಯೇಕ ಇಡುವ ಹೊಣೆ ನಮ್ಮದು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಮಕ್ಕಳ ಕೈಗೆಟುಕದ ನಾಗಂದಿಗೆಯ ಮೇಲಿಡಿ. ಪುಟ್ಟ ಶೆಲ್ಲುಗಳ ಎರಡೂ ಮುಖಕ್ಕೆ ಟೇಪು ಅಂಟಿಸಿ ಹಾಕಿ. ಡಬ್ಬಿ ತುಂಬಿದ ಮೇಲೆ ಪಂಚಾಯ್ತಿಯ ಸ್ವಚ್ಛ ವಾಹಿನಿ ಬಂದಾಗ ಬೇರೆಯಾಗಿಯೇ ಕೊಡಿ. ಗಾಡಿಯವರು ಬೇಡವೆಂದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.